ಮನೆ ಒಂದೇ, ಲೆಕ್ಕ ಹಲವು

ಮುಂಬಯಿಯಲ್ಲಿ ನಾವು ಸಂಬಳ ಎಣಿಸುವಾಗ, ಊರಲ್ಲಿ ಗದ್ದೆ ನೋಡಿಕೊಂಡು ನಮ್ಮನ್ನು ಓದಿಸಿದ ಅಣ್ಣನ ದುಡಿಮೆ ಅದರಲ್ಲೆಲ್ಲೂ ಕಾಣುವುದಿಲ್ಲ. ದೊಡ್ಡ ಕಂಪನಿಗಳ ಲೆಕ್ಕವೂ ಎಷ್ಟೋ ಸಲ ಹೀಗೆಯೇ: ದುಡಿಮೆ ಒಂದೆಡೆ, ಲಾಭ ಬರೆದದ್ದು ಪರದೇಶದ ಅಂಗಸಂಸ್ಥೆಯ ಹೆಸರಿನಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಉಪಾಯ ಹೂಡಿತು. ಒಂದಾಗಿ ವ್ಯವಹರಿಸುವ ಕಂಪನಿಗಳನ್ನು ಅವಿಭಕ್ತ ಕುಟುಂಬದಂತೆ ಬಗೆದು, ಜಗತ್ತಿನ ಲಾಭವನ್ನೆಲ್ಲ ಕೂಡಿಸಿ, ಆಸ್ತಿ, ಸಂಬಳ, ಮಾರಾಟಗಳಲ್ಲಿ ತನ್ನ ನೆಲದ ಪಾಲೆಷ್ಟೋ ಅದರ ಸರಾಸರಿಯಂತೆ ತೆರಿಗೆ ಕೇಳಿತು. ಕಂಪನಿಗಳು ಕೋರ್ಟು ಹತ್ತಿದವು. 1983ರಲ್ಲಿಯೂ 1994ರಲ್ಲಿಯೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ರಾಜ್ಯದ ಕ್ರಮವನ್ನೇ ಎತ್ತಿಹಿಡಿಯಿತು. ಆದರೆ 1986ರ ಕಾನೂನಿನಿಂದ, ಪರದೇಶದ ಲೆಕ್ಕವನ್ನು ಹೊರಗಿಡುವ ಅವಕಾಶ ಕಂಪನಿಗಳಿಗೆ ದೊರೆತಿದೆ.

ಊರಿನ ಲೆಕ್ಕವನ್ನು ಹೊರಗಿಡುವ ಅವಕಾಶ ನಮಗೂ ಉಂಟು. ಅಣ್ಣನೇನೂ ಕೋರ್ಟು ಹತ್ತುವವನಲ್ಲ. ಅವನ ಪಾಲನ್ನು ನಾವೇ ನೆನೆಯಬೇಕು.