ಗ್ಯಾರೇಜಿನ ಟೇಪ್ ರೆಕಾರ್ಡರ್

ಡಾ. ರಾಜ್‌ಕುಮಾರ್ ಅವರ ‘ಆಕಸ್ಮಿಕ’ ತೆರೆಗೆ ಬಂದದ್ದು 1993ರಲ್ಲಿ. ನನಗಾಗ ಹನ್ನೆರಡು. ಹಂಸಲೇಖ ಬರೆದು ಸಂಗೀತ ನೀಡಿದ, ಬದುಕನ್ನು ಜಟಕಾ ಬಂಡಿಗೆ ಹೋಲಿಸುವ ಆ ಹಾಡು ಯಾವುದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ವಿಜಯನಗರದ ಹೋಟೆಲು, ಸಲೂನು, ಆಟೋಗಳಲ್ಲೆಲ್ಲ ಅದೇ. ಮಾಗಡಿ ರಸ್ತೆಯ ಪಕ್ಕದಲ್ಲಿದ್ದ ಅಬ್ಬಾರ ಸ್ಕೂಟರ್ ಗ್ಯಾರೇಜಿನಲ್ಲಂತೂ ದಿನಕ್ಕೆ ನಾಲ್ಕೈದು ಸಲ. ಗ್ರೀಸ್ ಮೆತ್ತಿದ ಬೆರಳಿನಿಂದ ಒತ್ತಿ ಒತ್ತಿ ಟೇಪ್ ರೆಕಾರ್ಡರಿನ ಗುಂಡಿಯ ಮೇಲಿನ ಅಕ್ಷರಗಳೇ ಅಳಿಸಿಹೋಗಿದ್ದವು. ಅಜಾನ್ ಕೇಳಿಸಿದೊಡನೆ ಅಬ್ಬಾ ಅದನ್ನು ನಿಲ್ಲಿಸುತ್ತಿದ್ದರು. ಗಿರಾಕಿಗಳಿಗೂ ಅದು ರೂಢಿಯಾಗಿತ್ತು.

ಮನೆಯಲ್ಲಿ ನಾವು ಆಡುವುದು ದಖನಿ. ‘ಳ’ ಮತ್ತು ‘ಣ’ ನಮ್ಮ ನಾಲಗೆಗೆ ಸುಲಭವಲ್ಲ. ಮೇಷ್ಟ್ರು ಬೆತ್ತ ಹಿಡಿದು ಕಲಿಸಲಾಗದ್ದನ್ನು ರಾಜ್‌ಕುಮಾರ್ ಹಾಡಿ ಕಲಿಸಿಬಿಟ್ಟರು.

1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ 10 ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಅದರ ವಿರುದ್ಧದ ಪ್ರತಿಭಟನೆ ಗಲಭೆಯಾಗಿ 20ಕ್ಕೂ ಹೆಚ್ಚು ಜೀವಗಳು ಹೋದವು. ವಾರ್ತೆಯೂ ನಿಂತಿತು. ಕೆಲವು ದಿನಗಳ ನಂತರ ಗ್ಯಾರೇಜು ತೆರೆದಾಗ ನಾನು ಎಂದಿನಂತೆ ಕ್ಯಾಸೆಟ್ ಹಾಕಿದೆ. ಅಬ್ಬಾ ಬಂದು ನಿಲ್ಲಿಸಿದರು.

“ಈಗ ಹಾಕಿದರೆ ಹೆದರಿ ಹಾಕಿದ್ದಾರೆ ಅಂತಾರೆ.”

“ಹಾಕದಿದ್ದರೆ?”

ಅವರು ಉತ್ತರಿಸಲಿಲ್ಲ. ರಾಜಾಜಿನಗರದಿಂದ ಬರುತ್ತಿದ್ದ ಹಳೆಯ ಗಿರಾಕಿಯೊಬ್ಬರು ಪ್ರೀತಿಯಿಂದಲೇ, “ಏನ್ ಭಾಯ್, ಅಣ್ಣಾವ್ರ ಹಾಡಿಲ್ಲವಲ್ಲ?” ಎಂದು ಕೇಳಿದರು. “ಟೇಪ್ ಕೆಟ್ಟಿದೆ ಸಾರ್, ಬೆಲ್ಟ್ ಹೋಗಿದೆ” ಎಂದರು ಅಬ್ಬಾ. ಊರವರ ಗಾಡಿಗಳನ್ನೆಲ್ಲ ಸರಿಮಾಡುವವರ ಟೇಪ್ ಎರಡು ತಿಂಗಳು ರಿಪೇರಿಯಾಗಲಿಲ್ಲ! ಇಷ್ಟಪಟ್ಟು ಕೇಳುತ್ತಿದ್ದ ಹಾಡು ಒಂದೇ ವಾರದಲ್ಲಿ ನಮ್ಮ ಪಾಲಿಗೆ ಗುರುತಿನ ಚೀಟಿಯಾಗಿಬಿಟ್ಟಿತ್ತು. ಅದನ್ನು ತೋರಿಸಿ ಓಡಾಡುವುದು ಅಬ್ಬಾರಿಗೆ ಬೇಕಿರಲಿಲ್ಲ. ಅವರ ಆ ಹಟ ನನಗೆ ಇವತ್ತಿಗೂ ಸರಿಯೆಂದೇ ತೋರುತ್ತದೆ.

ನಾನು ಅಷ್ಟರಲ್ಲಿ ರೆಹಮಾನ್ ಕಡೆಗೆ ಹೊರಳಿದ್ದೆ. ‘ಕಾದಲನ್’ ಹಾಡುಗಳ ತಮಿಳು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಪ್ರಭುದೇವರ ಕುಣಿತಕ್ಕೆ ಭಾಷೆಯ ಹಂಗೂ ಇರಲಿಲ್ಲ. 1995ರಲ್ಲಿ ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಬಂತು. ಅದರ ಸಂಗೀತ ನಿರ್ದೇಶಕ ಬಿದ್ದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರೆಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಅದನ್ನೂ ಹಾಡಿಸುತ್ತಿದ್ದರೇನೋ.

ಆ ನವೆಂಬರ್‌ನಲ್ಲಿ ನಮ್ಮ ಬೀದಿಯ ಕೊನೆಗೆ ಶಾಮಿಯಾನ ಬಿತ್ತು. ಗಾಯಕ ‘ಆಕಸ್ಮಿಕ’ದ ಹಾಡು ಎತ್ತಿಕೊಂಡಾಗ ಅಬ್ಬಾ ಗ್ಯಾರೇಜಿನ ಬಾಗಿಲು ಹಾಕಿ ಬಂದು, ಜನರ ಹಿಂದೆ ನನ್ನ ಪಕ್ಕ ನಿಂತರು. ಕೈ ಕೂಡ ತೊಳೆದಿರಲಿಲ್ಲ. ಮೊದಲ ಚರಣ ಮುಗಿಯುವಷ್ಟರಲ್ಲಿ ಇಶಾ ನಮಾಜಿಗೆ ಹೊತ್ತಾಯಿತು.

“ನೀನು ಪೂರ್ತಿ ಕೇಳಿ ಬಾ” ಎಂದು ಹೇಳಿ ಮಸೀದಿಯ ಕಡೆ ನಡೆದರು.