ಮೂರು ಚೀಟಿಗಳು



ಸ್ಮರಣ ಸಂಚಿಕೆಗೆ ವಿದ್ಯೆಯ ವಿಷಯವಾಗಿ ಬರೆಯುವದು ನಮ್ಮ ವಾಡಿಕೆ. ಈ ಸಾರಿ ನಮ್ಮದೊಂದು ಅಲಕ್ಷ್ಯವನ್ನು ಒಪ್ಪಿಕೊಂಡು, ಅದರಿಂದ ಕಲಿತ ಪಾಠವನ್ನು ನಿಮ್ಮ ಮುಂದಿಡುವೆವು.

ನಮ್ಮ ವಸತಿಗೃಹದಲ್ಲಿ ಬಹುಕಾಲ ರೊಟ್ಟಿ ಬಡಿದು ಹುಡುಗಿಯರಿಗೆ ಉಣಬಡಿಸಿದ ಅವ್ವನು ಸುರೇಬಾನದ ನೇಕಾರರ ಮನೆತನದವಳು. ಅವಳಿಗೆ ಸಕ್ಕರೆ ರೋಗವಿತ್ತು. ಮೊಣಕಾಲ ನೋವಿಗೆ ಅಂಗಡಿಯ ಗುಳಿಗೆಗಳನ್ನು ತಾನಾಗಿಯೇ ನುಂಗುತ್ತಿದ್ದಳು. ಒಂದು ದಿನ ಅವಳ ಪಾದಗಳು ಬಾತಿರುವದನ್ನು ಕಂಡು ವಿಚಾರಿಸಿದೆವು. “ವಯಸ್ಸಾತ್ರಿ ಅಕ್ಕಾರ, ಕಾಲು ಬಾಯೂದು ಇದ್ದದ್ದ ಅಲ್ಲೇನ್ರಿ?” ಎಂದು ನಕ್ಕಳು. ಒತ್ತಾಯದಿಂದ ರಕ್ತಪರೀಕ್ಷೆ ಮಾಡಿಸಿದೆವು. ಆ ಚೀಟಿಯನ್ನು ಇಡಲು ಅವಳ ಪೆಟ್ಟಿಗೆಯನ್ನು ತೆರೆದಾಗ ಹಳೆಯ ಚೀಟಿಗಳೆರಡು ದೊರೆತವು.

ಕ್ರಿಯಾಟಿನಿನ್ ಎಂಬ ಹೆಸರಿನ ಎದುರಿಗೆ, 52ನೆಯ ವಯಸ್ಸಿನಲ್ಲಿ 0.8, 55ರಲ್ಲಿ 1.1, ಈಗ 58ರಲ್ಲಿ 1.9 ಎಂದಿತ್ತು. ಎರಡನೆಯ ಅಂಕಿಯು ಮುದ್ರಿತ ಮಿತಿಯೊಳಗೇ ಇದ್ದುದರಿಂದ ಯಾರೂ ಅದನ್ನು ಗಮನಿಸಿರಲಿಲ್ಲ.

ಕ್ರಿಯಾಟಿನಿನ್ ಎಂಬದು ಸ್ನಾಯುಗಳಿಂದ ಹುಟ್ಟುವ ಕಸ. ಅದನ್ನು ಸೋಸಿ ಹೊರಹಾಕುವದು ಮೂತ್ರಪಿಂಡಗಳ ಕೆಲಸ. ಸೋಸುವಿಕೆ ಕುಗ್ಗಿದಂತೆ ಅದು ರಕ್ತದಲ್ಲಿ ಏರುವದು. ವಯಸ್ಸನ್ನೂ ಸ್ತ್ರೀ-ಪುರುಷ ಭೇದವನ್ನೂ ಕೂಡಿಸಿ, 2021ರಲ್ಲಿ ಪ್ರಕಟವಾದ ಸೂತ್ರದಂತೆ ಲೆಕ್ಕ ಹಾಕಿದರೆ, ಅವ್ವನ ಸೋಸುವ ಶಕ್ತಿಯು ಸುಮಾರು 89ರಿಂದ 59ಕ್ಕೂ, ಅಲ್ಲಿಂದ 30ಕ್ಕೂ ಇಳಿದಿತ್ತು. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗಿದ್ದರೆ ಅದು ದೀರ್ಘಕಾಲದ ಮೂತ್ರಪಿಂಡದ ರೋಗವೆನಿಸುವದು.

ತೊಂಬತ್ತು ಅಂಕ ಪಡೆಯುತ್ತಿದ್ದ ಹುಡುಗಿಯು ಅರವತ್ತಕ್ಕೆ ಇಳಿದರೆ, ಪಾಸಾಗಿರುವಳೆಂದು ನಾವು ಸುಮ್ಮನಿರುವೆವೇ? ತಾಯಿಯನ್ನು ಕರೆಸುವೆವು. ಮಕ್ಕಳ ಅಂಕಪಟ್ಟಿಗಳನ್ನು ವರುಷವರುಷವೂ ಹೋಲಿಸುವ ನಾವು, ನಮಗೆ ಅನ್ನ ಹಾಕಿದವಳ ಚೀಟಿಗಳನ್ನು ಒಮ್ಮೆಯೂ ಹೋಲಿಸಲಿಲ್ಲ. ಇದೇ ನಮ್ಮ ಅಪರಾಧ.

ಕೀರ್ತನೆಗಳ ಮೂಲ ಹಿಬ್ರೂ ಭಾಷೆಯಲ್ಲಿ ಮೂತ್ರಪಿಂಡವೆಂಬ ಮಾತು ಮನುಷ್ಯನ ಗುಪ್ತವಾದ ಅಂತರಂಗಕ್ಕೂ ಸಲ್ಲುವದು. ಅದರ ಬೇನೆಯೂ ಅಷ್ಟೇ ಗುಪ್ತ. ಬಾವು, ದಣಿವುಗಳು ತೋರುವಷ್ಟರಲ್ಲಿ ಬಹಳ ಹಾನಿಯಾಗಿರುವದುಂಟು. ಬಡಕಲು ಶರೀರದ ಸ್ತ್ರೀಯರಲ್ಲಿ ಸ್ನಾಯು ಕಡಿಮೆಯಾದ ಕಾರಣ ಕ್ರಿಯಾಟಿನಿನ್ ಸಹ ಮೋಸಗೊಳಿಸಬಹುದು. ಅಂಥಲ್ಲಿ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತಸೂಚಕವನ್ನು ವೈದ್ಯರು ಅಳೆಯಿಸುವರು. ಮೂತ್ರದಲ್ಲಿ ಆಲ್ಬುಮಿನ್ ಸೋರುವದೋ ಎಂಬದನ್ನೂ ನೋಡಬೇಕು. ಸಕ್ಕರೆ ರೋಗದಲ್ಲಿ ಅನೇಕ ವೇಳೆ ಅದೇ ಮೊದಲು ಕಾಣುವದು.

ಬೆಳಗಾವಿಯ ವೈದ್ಯರು ಮೊದಲು ನೋವಿನ ಗುಳಿಗೆಗಳನ್ನು ಬಿಡಿಸಿದರು. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುವವಂತೆ. ಬಳಿಕ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಗೆ ತಂದರು. ಕಳೆದುಹೋದ ಶಕ್ತಿಯು ಮರಳಲಿಲ್ಲ. ಆದರೂ ದೇವರ ಕೃಪೆಯಿಂದ ಇಂದಿನ ವರೆಗೆ ಡಯಾಲಿಸಿಸ್ ಬೇಕಾಗಿಲ್ಲ.

ಅವ್ವನು ಈಗ ಸುರೇಬಾನದಲ್ಲಿ ಮಗನ ಮನೆಯಲ್ಲಿರುವಳು. ಕಳೆದ ರಜೆಯಲ್ಲಿ ನಾವು ಹೋದಾಗ, ತಂತಿಗೆ ಪೋಣಿಸಿದ ಚೀಟಿಗಳನ್ನು ತಾನೇ ತಂದು ತೋರಿಸಿದಳು. ಕಡೆಯ ಎರಡು ಅಂಕಿಗಳು ಒಂದೇ ಆಗಿದ್ದವು.

ವಿದ್ಯಾರ್ಥಿನಿಯರೇ, ಈ ರಜೆಯಲ್ಲಿ ನಿಮ್ಮ ತಾಯಿ, ಅಜ್ಜಿಯರ ಚೀಟಿಗಳನ್ನು ಹುಡುಕಿ, ತಾರೀಖಿನ ಕ್ರಮದಲ್ಲಿ ಜೋಡಿಸಿ, ಅಂಕಿಗಳನ್ನು ಒಂದರ ಕೆಳಗೊಂದು ಬರೆಯಿರಿ. ಏರುವದು ಕಂಡರೆ ವೈದ್ಯರಿಗೆ ತೋರಿಸಿರಿ. ನಾವು ಕೊಡುವ ಮನೆಗೆಲಸ ಇದೊಂದೇ.