ಕೈಕೋಲಿನ ಪಯಣ

ಬಳ್ಳಾರಿಗೆ ಬಂದವರ ಕಣ್ಣನ್ನು ಮೊದಲು ಸೆಳೆಯುವುದು ಕೋಟೆಯ ಗುಡ್ಡ. ಬರಿಯ ಬಂಡೆಯೇ ಬೆಟ್ಟವಾಗಿ ನಿಂತಂತಿರುವ ಅದರ ನೆತ್ತಿಯಲ್ಲಿ ಹನುಮಪ್ಪ ನಾಯಕನ ಮೇಲುಕೋಟೆ. ಬುಡದಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಕಟ್ಟಿಸಿದ ಕೆಳಕೋಟೆ. ತರುಣರು ನಗುನಗುತ್ತ ಹತ್ತುವ ಈ ಗುಡ್ಡವು ಮೊಣಕಾಲು ಸವೆದ ಹಿರಿಯರಿಗೆ ಒಂದು ಪ್ರಶ್ನೆಯಾಗುತ್ತದೆ: ಕೋಲನ್ನು ತರುವುದೋ, ಮನೆಯಲ್ಲಿಯೇ ಬಿಡುವುದೋ?

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊರಟ ವೃದ್ಧ ಉಪಾಧ್ಯಾಯರೊಬ್ಬರ ಮನೆಯಲ್ಲಿಯೂ ಇದೇ ಚರ್ಚೆ ನಡೆದಿತ್ತು.

“ಸಿರುಗುಪ್ಪದಾಗ ಮೂವತ್ತು ವರ್ಷ ನೆಟ್ಟಗೆ ನಡೆದವ ನಾನು. ಈಗ ಶಿಷ್ಯರ ಎದುರಿಗೆ ಕೋಲೂರಿಕೊಂಡು ಹೋಗಲೇನು?” ಎಂದರು ಅವರು.

“ಬಿದ್ದು, ಅದೇ ಶಿಷ್ಯರ ಕೈಲೆ ಎಬ್ಬಿಸಿಕೊಳ್ಳೋದು ಚೆಂದೇನ್ರಿ?” ಎಂದರು ಅವರ ಪತ್ನಿ.

ಕೋಲು ಹಾಸಿಗೆಯ ಸುರುಳಿಯೊಳಗೆ ಅಡಗಿ ಪ್ರಯಾಣ ಮಾಡಿತು.

ಬಳ್ಳಾರಿಯಲ್ಲಿ ಮೊಮ್ಮಗನು ಮೇಲುಕೋಟೆಗೆ ಹತ್ತಿದನು. ಅಜ್ಜ ಕೆಳಗೆ ನೆರಳಿನಲ್ಲಿ ಕುಳಿತು ಕೋಟೆಯ ಕಥೆ ನೆನೆದರು. ಅಲ್ಲಿ ಕೋಲಾಗಲಿ ಗಾಲಿಕುರ್ಚಿಯಾಗಲಿ ಅವರಿಗೆ ನೆರವಾಗುತ್ತಿರಲಿಲ್ಲ. ಆದರೆ ಕುರುಗೋಡಿನ ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರಕ್ಕಿತ್ತು. ಸಾರಿಗೆಯು ಅಂಗವಿಕಲರಿಗೂ ಸುಗಮವಾಗಿರಬೇಕೆಂದು 2016ರ ಕಾಯ್ದೆ ವಿಧಿಸಿದೆ. ಮೆಟ್ಟಿಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಹಾಸಿಗೆ ಬಿಚ್ಚಿತು, ಕೋಲು ಹೊರಬಂದಿತು.

ಒಂದು ಕಾಲದಲ್ಲಿ ಸಿಂದರು ಆಳಿದ ಕುರುಗೋಡು ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರು. ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆತ್ತರವನ್ನು ಮೀರಿ ಮಲಗಿದ ಏಕಶಿಲೆಯ ಬಸವನನ್ನು ಅವರು ಕೋಲಿನ ಮೇಲೆ ಭಾರ ಹಾಕಿ, ಅವಸರವಿಲ್ಲದೆ, ಕಣ್ತುಂಬ ನೋಡಿದರು. ಕೋಲಿಲ್ಲದೆ ಬಂದಿದ್ದರೆ ಅಷ್ಟು ಹೊತ್ತು ನಿಲ್ಲುವುದು ಅಸಾಧ್ಯವಾಗಿತ್ತು.

ಮರುದಿನ ಸಿರುಗುಪ್ಪ. ತುಂಗಭದ್ರೆಯ ನೀರುಂಡ ಬತ್ತದ ಗದ್ದೆಗಳು ಕಣ್ಣು ಹಾಯುವಷ್ಟು ದೂರ ಹಸುರಾಗಿದ್ದವು. ರಾತ್ರಿ ಮಳೆಯಾಗಿದ್ದ ಎರೆಮಣ್ಣಿನಲ್ಲಿ ಕೋಲು ಗೇಣುದ್ದ ಹುಗಿದು, ತುದಿಯ ರಬ್ಬರು ಮಣ್ಣಿನಲ್ಲಿಯೇ ಉಳಿಯಿತು. ಅಲ್ಲಿ ಮೊಮ್ಮಗನ ಹೆಗಲೇ ಆಸರೆ. ಒಂದೊಂದು ನೆಲ ಒಂದೊಂದು ನೆರವನ್ನು ಕೇಳುತ್ತದೆ. ಬಿಡಿ ರಬ್ಬರೊಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಬಸ್ ನಿಲ್ದಾಣಕ್ಕೆ ಹಿಂದಿರುಗಿದಾಗ ನರೆತಲೆಯ ಒಬ್ಬರು ದೂರದಿಂದಲೇ “ಮೇಷ್ಟ್ರೇ!” ಎಂದು ಕೂಗಿದರು. ಹಳೆಯ ಶಿಷ್ಯ. ಮೇಷ್ಟರು ಅವಸರವಾಗಿ ಕೋಲನ್ನು ಬೆನ್ನ ಹಿಂದೆ ಸರಿಸಿದರು. ಶಿಷ್ಯರು ಹತ್ತಿರ ಬಂದು, ತಮ್ಮ ಕೋಲನ್ನು ಗೋಡೆಗೆ ಒರಗಿಸಿ, ನಿಧಾನವಾಗಿ ಬಾಗಿ ಪಾದ ಮುಟ್ಟಿದರು.

ಅವರನ್ನು ಎಬ್ಬಿಸಬೇಕಾದರೆ ಮೇಷ್ಟರು ತಮ್ಮ ಕೋಲನ್ನು ಮುಂದೆ ಊರಲೇಬೇಕಾಯಿತು.